ವಸತಿ ಸಮುಚ್ಚಯದ ನಿಶ್ಶಬ್ದ ವೇಳೆ: ಉಪನಿಯಮದಲ್ಲಿ ಡೆಸಿಬಲ್ ಮಿತಿ ಬರೆದರೆ ಸಾಕೇ?

ಕರಡು ಸಮಿತಿ ಸದಸ್ಯೆ

ಎಲ್ಲರಿಗೂ ನಮಸ್ಕಾರ. ನಾನು ವಾಸವಿರುವ ಸಮುಚ್ಚಯದ ನಿವಾಸಿಗಳ ಸಂಘವು ನಿಶ್ಶಬ್ದ ವೇಳೆಯ ಬಗ್ಗೆ ಹೊಸ ಉಪನಿಯಮ ತರಲು ತೀರ್ಮಾನಿಸಿದ್ದು, ಕರಡು ಬರೆಯುವ ಹೊಣೆ ನಾನಿರುವ ಸಮಿತಿಗೆ ಬಂದಿದೆ. ಈಗಿರುವ ನಿಯಮದಲ್ಲಿ "ಇತರ ನಿವಾಸಿಗಳಿಗೆ ತೊಂದರೆಯಾಗುವಂತೆ ಗದ್ದಲ ಮಾಡಬಾರದು" ಎಂಬ ಒಂದೇ ಸಾಲಿದೆ. ಆ ಸಾಲಿನಿಂದ ಇಂದಿನವರೆಗೆ ಒಂದು ದೂರೂ ಇತ್ಯರ್ಥವಾಗಿಲ್ಲ. ದೂರು ಕೊಟ್ಟವರು ನಿದ್ದೆ ಕೆಟ್ಟಿತು ಎನ್ನುತ್ತಾರೆ, ದೂರಿಗೆ ಗುರಿಯಾದವರು ಅಷ್ಟೇನೂ ಸದ್ದಿರಲಿಲ್ಲ ಎನ್ನುತ್ತಾರೆ, ಯಾರ ಮಾತು ಸರಿ ಎಂದು ನಿರ್ಧರಿಸಲು ಸಮಿತಿಯ ಕೈಯಲ್ಲಿ ಯಾವ ಆಧಾರವೂ ಇರುವುದಿಲ್ಲ.

ಆದ್ದರಿಂದ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯಾವ ಮನೆಯಿಂದಲೂ 45 ಡೆಸಿಬಲ್‌ಗಿಂತ ಹೆಚ್ಚಿನ ಶಬ್ದ ಬರಕೂಡದು ಎಂದು ಬರೆಯುವ ಸಲಹೆ ಬಂದಿದೆ. ನಮಗೆ ಬರುವ ದೂರುಗಳು ಮುಖ್ಯವಾಗಿ ನಾಲ್ಕು ಬಗೆಯವು: ಬೆಳಗಾಗುವ ಮೊದಲೇ ಚಾಲೂ ಆಗುವ ನೀರಿನ ಪಂಪು, ಮೇಲಿನ ಮನೆಯಲ್ಲಿ ಕುರ್ಚಿ ಎಳೆಯುವ ಮತ್ತು ನಡೆದಾಡುವ ಸದ್ದು, ತಡರಾತ್ರಿಯ ಸಂಗೀತ, ಒಂಟಿಯಾಗಿ ಬಿಟ್ಟ ನಾಯಿಯ ಬೊಗಳಾಟ. ಈ ನಾಲ್ಕಕ್ಕೂ ಒಂದೇ ಸಂಖ್ಯೆ ಸಾಕಾಗುತ್ತದೆಯೇ ಎಂಬ ಸಂಶಯ ನನಗಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಶಬ್ದಮಾಪಕ

ನಿಮ್ಮ ಸಂಶಯ ಸರಿಯಾದದ್ದೇ. ಕಟ್ಟಡಗಳಲ್ಲಿ ಶಬ್ದ ಅಳೆಯುವುದು ನನ್ನ ವೃತ್ತಿಯಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. "45 ಡೆಸಿಬಲ್" ಎಂದಷ್ಟೇ ಬರೆದ ನಿಯಮ ಅರ್ಧ ನಿಯಮ. ಎಲ್ಲಿ ನಿಂತು ಅಳೆದ 45, ಎಷ್ಟು ಹೊತ್ತಿನ ಸರಾಸರಿಯಾಗಿ 45, ಯಾವ ಬಗೆಯ ಸದ್ದಿನ 45 ಎಂಬ ಮೂರೂ ಅದರಲ್ಲಿ ಇರಬೇಕು.

ಮೊದಲು ಸ್ಥಳದ ಮಾತು. ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಮಲಗುವ ಕೋಣೆಯ ಒಳಗೆ ರಾತ್ರಿಯ ಸರಾಸರಿ ಶಬ್ದ 30 ಡೆಸಿಬಲ್ ಮೀರಬಾರದು, ನಡುನಡುವೆ ಬರುವ ಬಿಡಿ ಸದ್ದುಗಳು 45ನ್ನು ಮೀರಬಾರದು. ಅದೇ ಮಾರ್ಗಸೂಚಿ ಕಿಟಕಿಯ ಹೊರಗಿನ ರಾತ್ರಿ ಸರಾಸರಿಗೆ 45 ಎನ್ನುತ್ತದೆ, ಏಕೆಂದರೆ ಸ್ವಲ್ಪ ತೆರೆದ ಕಿಟಕಿಯೂ ಸುಮಾರು 15 ಡೆಸಿಬಲ್‌ನಷ್ಟು ಸದ್ದನ್ನು ತಡೆಯುತ್ತದೆ ಎಂಬುದು ಅದರ ಲೆಕ್ಕ. ಹೀಗೆ 45 ಎಂಬ ಒಂದೇ ಸಂಖ್ಯೆ ಕಿಟಕಿಯ ಹೊರಗೆ ಸಮಾಧಾನಕರವಾದ ರಾತ್ರಿಯನ್ನು ಸೂಚಿಸಿದರೆ, ಹಾಸಿಗೆಯ ಪಕ್ಕದಲ್ಲಿ ಬಿಡದೆ ಕೇಳುತ್ತಿದ್ದಾಗ ಸಹಿಸಲಾಗದ ರಾತ್ರಿಯನ್ನು ಸೂಚಿಸುತ್ತದೆ. ಪಕ್ಕದ ಮನೆಯ ಸದ್ದು ಗೋಡೆಯ ಮೂಲಕ ನೇರವಾಗಿ ಒಳಗೇ ಬರುವುದರಿಂದ, ನಿಮ್ಮಂಥ ಸಮುಚ್ಚಯದಲ್ಲಿ ದೂರುದಾರರ ಮಲಗುವ ಕೋಣೆಯಲ್ಲೇ ಅಳೆಯಬೇಕು.

ಎರಡನೆಯದು ಸಮಯ. ಇದೇ ಬಹಳ ಜನರ ಕಣ್ಣು ತಪ್ಪಿಸಿಕೊಳ್ಳುವ ಸಂಗತಿ. ನಿಮ್ಮ ಪಂಪನ್ನೇ ತೆಗೆದುಕೊಳ್ಳಿ. ಅದು ನಸುಕಿನಲ್ಲಿ 15 ನಿಮಿಷ ಮಾತ್ರ ಓಡುತ್ತದೆ, ಆಗ ಕೋಣೆಯಲ್ಲಿ 55 ಡೆಸಿಬಲ್ ಇರುತ್ತದೆ, ಉಳಿದ ರಾತ್ರಿಯೆಲ್ಲ 30 ಇರುತ್ತದೆ ಎಂದುಕೊಳ್ಳೋಣ. ಹದಿನೈದು ನಿಮಿಷವೆಂದರೆ 8 ಗಂಟೆಯ ರಾತ್ರಿಯಲ್ಲಿ 32ನೇ ಒಂದು ಭಾಗ. ಡೆಸಿಬಲ್‌ಗಳನ್ನು ಸಾಮಾನ್ಯ ಸಂಖ್ಯೆಗಳಂತೆ ಸರಾಸರಿ ಮಾಡುವುದಿಲ್ಲ, 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ಇಡೀ ರಾತ್ರಿಯ ಸರಾಸರಿ ತೆಗೆದರೆ ಆ 55 ಸುಮಾರು 40ಕ್ಕೆ ಇಳಿಯುತ್ತದೆ. ಎಲ್ಲರನ್ನೂ ಎಬ್ಬಿಸಿ ಕೂರಿಸಿದ ಪಂಪು ಕಾಗದದ ಮೇಲೆ ನಿಯಮ ಪಾಲಿಸಿದಂತಾಗುತ್ತದೆ! ಅದರ ಬದಲು ರಾತ್ರಿಯ ಅತ್ಯಂತ ಗದ್ದಲದ ಒಂದು ಗಂಟೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಅದೇ ಪಂಪು 49ಕ್ಕೆ ಏರಿ ಮಿತಿ ದಾಟುತ್ತದೆ. ಜರ್ಮನಿಯ ತಾಂತ್ರಿಕ ಶಬ್ದ ನಿಯಮದಲ್ಲಿ ರಾತ್ರಿಗೆ ಇದೇ ಕ್ರಮವಿದೆ. ಅಲ್ಲಿ ಸರಾಸರಿಯ ಜೊತೆಗೆ, ಕ್ಷಣಕಾಲದ ಸದ್ದು ಕೂಡ ರಾತ್ರಿಯ ಮಿತಿಗಿಂತ 20 ಡೆಸಿಬಲ್‌ಗೂ ಹೆಚ್ಚು ಮೇಲೇರಬಾರದು.

ಮೂರನೆಯದು ಸದ್ದಿನ ಬಗೆ. ಸಾಮಾನ್ಯ ಮಾಪಕಗಳು ತೋರಿಸುವುದು ಡಿಬಿ (ಎ) ಎಂಬ ಮಾನವನ್ನು. ಮನುಷ್ಯರ ಕಿವಿಗೆ ತಗ್ಗು ಶ್ರುತಿಯ ಸದ್ದು ಕಡಿಮೆ ಕೇಳಿಸುತ್ತದೆ ಎಂಬ ಕಾರಣಕ್ಕೆ ಈ ಮಾನದಲ್ಲಿ ತಗ್ಗು ಸದ್ದಿನ ಲೆಕ್ಕವನ್ನು ಕಡಿತಗೊಳಿಸಲಾಗುತ್ತದೆ; 63 ಹರ್ಟ್ಸ್‌ನಲ್ಲಿ ಆ ಕಡಿತ ಸುಮಾರು 26 ಡೆಸಿಬಲ್. ಸ್ಪೀಕರಿನ ಬೇಸ್ ಸದ್ದು ಇರುವುದೂ ಆ ಆಸುಪಾಸಿನಲ್ಲೇ, ಗೋಡೆಯನ್ನು ಸುಲಭವಾಗಿ ದಾಟಿ ಬರುವುದೂ ಅದೇ. ಹಾಡಿನ ಮಾತು ಗೋಡೆಯಲ್ಲಿ ಉಳಿದು, ಬರೀ ದುಡುಂ ದುಡುಂ ಎಂಬ ಬಡಿತ ನಿಮ್ಮ ಕೋಣೆಗೆ ಬಂದಾಗ ಮಾಪಕವು 35 ತೋರಿಸುತ್ತಿರಬಹುದು. ಹಾಗೆಂದು ದೂರುದಾರರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ತಗ್ಗು ಸದ್ದನ್ನು ಅಷ್ಟಾಗಿ ಕಡಿತಗೊಳಿಸದ ಡಿಬಿ (ಸಿ) ಮಾನದಲ್ಲೂ ಅಳೆದು, ಎರಡರ ನಡುವಿನ ಅಂತರ 15-20 ಡೆಸಿಬಲ್ ಮೀರಿದರೆ ಬೇಸ್ ಸದ್ದೇ ಸಮಸ್ಯೆ ಎಂದು ತಿಳಿಯಬೇಕು.

ಕಾನೂನು ಓದುಗ

ಹಿಂದಿನ ಉತ್ತರಕ್ಕೆ ಕಾನೂನಿನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಭಾರತದ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡಿಬಿ (ಎ) ಎಂಬ ಮಟ್ಟಗಳಿದ್ದು, ರಾತ್ರಿಯೆಂದರೆ 10ರಿಂದ 6 ಎಂದು ಹೇಳಲಾಗಿದೆ. ಸದಸ್ಯೆಯವರು ಹೇಳಿದ ಸಂಖ್ಯೆ ಅಲ್ಲಿಂದಲೇ ಬಂದಿರಬೇಕು. ಆದರೆ ಅದು ಒಂದು ಪ್ರದೇಶದ ಒಟ್ಟು ವಾತಾವರಣಕ್ಕೆ ಇಟ್ಟ ಅಳತೆ. ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುವ ಸದ್ದನ್ನು ತೂಗಲು ಮಾಡಿದ್ದಲ್ಲ. ಆ ನಿಯಮಗಳಡಿ ಅಧಿಕಾರಿಗೆ ದೂರು ಕೊಡಬೇಕಾದರೆ ಶಬ್ದವು ಆ ಮಟ್ಟವನ್ನು 10 ಡೆಸಿಬಲ್ ಅಥವಾ ಹೆಚ್ಚು ಮೀರಿರಬೇಕು, ಇಲ್ಲವೇ ರಾತ್ರಿಯ ನಿರ್ಬಂಧಗಳ ಉಲ್ಲಂಘನೆಯಾಗಿರಬೇಕು.

ಬ್ರಿಟನ್ನಿನ 1996ರ ಶಬ್ದ ಕಾಯ್ದೆ ಬೇರೆ ದಾರಿ ಹಿಡಿದಿದೆ. ಅದು ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ದೂರುದಾರರ ಮನೆಯ ಒಳಗೇ ಅಳೆಯುತ್ತದೆ. ಕೋಣೆಯ ಸಹಜ ಹಿನ್ನೆಲೆ ಶಬ್ದ 24 ಡೆಸಿಬಲ್ ಮೀರದಿದ್ದರೆ ಮಿತಿ 34. ಹಿನ್ನೆಲೆಯೇ ಅದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ 10 ಮಾತ್ರ. ಮುಖ್ಯರಸ್ತೆಯ ಕಡೆಯ ಮನೆಗೂ ಒಳಭಾಗದ ಮನೆಗೂ ಒಂದೇ ಪಟ್ಟಿ ಹಚ್ಚದೆ, ಆಯಾ ಕೋಣೆಯ ಸ್ಥಿತಿಗೆ ಹೊಂದಿಸಿಕೊಂಡಿರುವುದು ನನಗೆ ಬಹಳ ನ್ಯಾಯವಾಗಿ ತೋರುತ್ತದೆ. ಅದೇ ಕಾಯ್ದೆಯಲ್ಲಿ ಎಚ್ಚರಿಕೆಯ ನೋಟಿಸು ಕೊಟ್ಟ ಮೇಲೆ ಸದ್ದು ಇಳಿಸಲು ಕನಿಷ್ಠ 10 ನಿಮಿಷದ ಅವಕಾಶವಿದೆ. ಗಡುವು ಚಿಕ್ಕದಾದರೂ ನಿಶ್ಚಿತ.

ನ್ಯೂಯಾರ್ಕ್ ನಗರದ ಶಬ್ದ ಸಂಹಿತೆಯಲ್ಲಿ ನಾಯಿಯ ಪ್ರಶ್ನೆಗೆ ನೇರ ಉತ್ತರವಿದೆ, ಮತ್ತು ಅದರಲ್ಲಿ ಡೆಸಿಬಲ್ಲೇ ಇಲ್ಲ. ಹಗಲಲ್ಲಿ 10 ನಿಮಿಷ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಾದರೆ 5 ನಿಮಿಷ ಒಂದೇ ಸಮನೆ ಬೊಗಳಿದರೆ ಅದು ಉಲ್ಲಂಘನೆ. ಅದನ್ನು ತಿಳಿಯಲು ಗಡಿಯಾರ ಸಾಕು. ಅಲ್ಲಿಯ ಮದ್ಯದಂಗಡಿಗಳ ಸಂಗೀತಕ್ಕಾದರೆ ಅಳತೆಯಿದೆ; ಆ ಅಳತೆಯನ್ನು ನೆರೆಮನೆಯ ಒಳಗೆ ತೆಗೆಯುತ್ತಾರೆ, ತಗ್ಗು ಶ್ರುತಿಗೆ ಪ್ರತ್ಯೇಕ ಮಿತಿಯೂ ಇದೆ.

ಈ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಅನ್ನಿಸುವುದಿಷ್ಟು: ಯಂತ್ರಗಳಿಗೆ ಸಂಖ್ಯೆ ಬೇಕು, ಮನುಷ್ಯರ ಮತ್ತು ಪ್ರಾಣಿಗಳ ಸದ್ದಿಗೆ ಹೊತ್ತು ಮತ್ತು ಅವಧಿ ಬೇಕು.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವವಳು. ಇಲ್ಲಿ ಎಲ್ಲರೂ ರಾತ್ರಿ 10ರ ಮಾತನ್ನೇ ಆಡುತ್ತಿದ್ದೀರಿ. ನನಗೆ ರಾತ್ರಿಯಾಗುವುದು ಬೆಳಿಗ್ಗೆ 9ಕ್ಕೆ. ನನಗಾಗಿ ಇಡೀ ಕಟ್ಟಡ ಹಗಲಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂದು ನಾನು ಕೇಳುವುದಿಲ್ಲ, ಕೇಳುವುದು ಸರಿಯೂ ಅಲ್ಲ. ನನಗೆ ಬೇಕಾಗಿರುವುದು ಮುಂಚಿತವಾಗಿ ತಿಳಿಯುವುದು. ಯಾವ ಮನೆಯಲ್ಲಿ ಯಾವ ದಿನ ಎಷ್ಟರಿಂದ ಎಷ್ಟರವರೆಗೆ ಗೋಡೆ ಒಡೆಯುತ್ತಾರೆ, ಡ್ರಿಲ್ಲಿಂಗ್ ಮಾಡುತ್ತಾರೆ ಎಂದು ಹಿಂದಿನ ದಿನವೇ ಸೂಚನಾ ಫಲಕದಲ್ಲಿ ಇದ್ದರೆ ನಾನು ಆ ದಿನ ನಿದ್ದೆಯನ್ನು ಹಿಂದುಮುಂದು ಮಾಡಿಕೊಳ್ಳಬಲ್ಲೆ, ಬೇರೆಡೆ ಹೋಗಿ ಮಲಗಬಲ್ಲೆ. ಮಲಗಿದ ಅರ್ಧ ಗಂಟೆಗೆ ತಲೆಯ ಹಿಂದಿನ ಗೋಡೆಯಲ್ಲಿ ಡ್ರಿಲ್ ತಿರುಗಲಾರಂಭಿಸಿ, ಎದ್ದು ಕುಳಿತ ಮೇಲೆ ನಿಂತು, ಮತ್ತೆ ಮಲಗಿದ ಮೇಲೆ ಶುರುವಾಗುವುದಿದೆಯಲ್ಲ, ಆ ಅನಿಶ್ಚಿತತೆಯನ್ನು ತಾಳುವುದು ಸದ್ದನ್ನು ತಾಳುವುದಕ್ಕಿಂತ ಕಷ್ಟ. ಹಸುಗೂಸಿರುವ ಮನೆಯವರು, ಕಾಯಿಲೆಯಿಂದ ಮಲಗಿರುವವರು, ಪರೀಕ್ಷೆಗೆ ಓದುವವರು ಎಲ್ಲರಿಗೂ ಈ ಸೂಚನೆ ಉಪಯೋಗಕ್ಕೆ ಬರುತ್ತದೆ. ದಯವಿಟ್ಟು ಕರಡಿನಲ್ಲಿ ಹಗಲಿಗೂ ಒಂದು ಕಲಮು ಇರಲಿ.

ಎರಡು ಮಕ್ಕಳ ತಂದೆ

ನನ್ನ ಆತಂಕ ಬೇರೆ ದಿಕ್ಕಿನದು. ಇಂಥ ನಿಯಮ ಬಂದ ಕೂಡಲೇ ಮೊದಲು ಬಾಗಿಲು ತಟ್ಟುವುದು ಮಕ್ಕಳಿರುವ ಮನೆಯದ್ದು. ಒಂದೂವರೆ ವರ್ಷದ ಮಗು ರಾತ್ರಿ ಎರಡಕ್ಕೆ ಅತ್ತರೆ ಅದಕ್ಕೆ ಯಾವ ಕಲಮಿನಡಿ ನೋಟಿಸು ಕೊಡುತ್ತೀರಿ? ಸಂಜೆ ಅಂಗಳದಲ್ಲಿ ಮಕ್ಕಳು ಕೂಗಾಡಿದರೆ ಅದೂ ಗದ್ದಲವೇ? ನಿಯಮದಲ್ಲಿ ಇದನ್ನು ಬಿಡಿಸಿ ಹೇಳದಿದ್ದರೆ ದೂರು ಪುಸ್ತಕ ಮಕ್ಕಳ ಹೆಸರಿನಿಂದಲೇ ತುಂಬುತ್ತದೆ.

ಕಾನೂನು ಓದುಗ

ತಮ್ಮ ಆತಂಕಕ್ಕೆ ಆಧಾರವಿದೆ, ಮತ್ತು ಒಂದು ದೇಶವಾದರೂ ಅದಕ್ಕೆ ಶಾಸನದಲ್ಲೇ ಉತ್ತರ ಬರೆದಿದೆ. ಶಿಶುವಿಹಾರ ಮತ್ತು ಆಟದ ಬಯಲುಗಳಿಂದ ಬರುವ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಹಾನಿಕಾರಕ ಪರಿಣಾಮವೆಂದು ಎಣಿಸತಕ್ಕದ್ದಲ್ಲ, ಅದನ್ನು ತೂಗಲು ಶಬ್ದಮಿತಿಗಳನ್ನು ಬಳಸಕೂಡದು ಎಂದು ಜರ್ಮನಿ 2011ರಲ್ಲಿ ತನ್ನ ಕಾನೂನಿಗೆ ಸೇರಿಸಿತು. ಸಂಘದ ಉಪನಿಯಮದಲ್ಲೂ ಶಿಶುಗಳ ಅಳು ಮತ್ತು ಹಗಲಿನ ಆಟ ದೂರಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಬಹುದು, ಬರೆಯಲೇಬೇಕು.

ಹಿರಿಯ ನಿವಾಸಿ

ಎಲ್ಲರ ಮಾತುಗಳನ್ನೂ ಗಮನವಿಟ್ಟು ಓದಿದೆ. ಮಾಪಕ, ನೋಟಿಸು, ಕಲಮು ಎಲ್ಲವೂ ಇರಲಿ. ಆದರೆ ಅಕ್ಕಪಕ್ಕದವರು ಮೊದಲು ಪರಸ್ಪರ ಮಾತನಾಡಬೇಕು ಎಂಬುದನ್ನು ಮರೆಯಬಾರದು. ಸದ್ದು ಮಾಡುವವರಲ್ಲಿ ಬಹುಪಾಲು ಜನರಿಗೆ ತಮ್ಮ ಸದ್ದು ಕೆಳಗಿನ ಮನೆಗೆ ಹೇಗೆ ಕೇಳಿಸುತ್ತದೆ ಎಂಬುದೇ ತಿಳಿದಿರುವುದಿಲ್ಲ. ಒಮ್ಮೆ ಕರೆದು ಕೂರಿಸಿ ಕೇಳಿಸಿದರೆ ತಾವಾಗಿಯೇ ತಿದ್ದಿಕೊಳ್ಳುತ್ತಾರೆ. ನೇರವಾಗಿ ನೋಟಿಸು ಹೋದರೆ ಸದ್ದು ನಿಲ್ಲಬಹುದು, ಮುಖ ಕೊಟ್ಟು ಮಾತಾಡುವುದೂ ನಿಂತುಹೋಗುತ್ತದೆ. "ಮೊದಲು ಮಾತುಕತೆ, ಆಮೇಲೆ ದೂರು" ಎಂಬುದನ್ನು ಕಡ್ಡಾಯ ಮಾಡಿ ಎಂದು ನನ್ನ ಸಲಹೆ.

ಬಾಡಿಗೆದಾರ

ಹಿರಿಯರ ಮಾತಿನ ಹಿಂದಿನ ಕಾಳಜಿಗೆ ನನ್ನ ಗೌರವವಿದೆ. ಆದರೆ ಮಾತುಕತೆಯನ್ನು ಕಡ್ಡಾಯ ಮಾಡುವುದನ್ನು ನಾನು ಒಪ್ಪಲಾರೆ. ಸಮಾನರ ನಡುವೆ ಮಾತುಕತೆ ಸುಲಭ. ಮೇಲಿನ ಮನೆಯಲ್ಲಿರುವವರು ನನ್ನ ಮನೆಯ ಮಾಲೀಕರ ಬಂಧುಗಳಾಗಿದ್ದರೆ? ಸಂಗೀತ ಹಾಕಿಕೊಂಡಿರುವುದು ಕುಡಿದ ಗುಂಪಾಗಿದ್ದು, ಕೆಳಗಿನ ಮನೆಯಲ್ಲಿರುವುದು ಒಂಟಿ ಹೆಣ್ಣುಮಗಳಾಗಿದ್ದರೆ ರಾತ್ರಿ ಹನ್ನೊಂದಕ್ಕೆ ಆಕೆ ಹೋಗಿ ಬಾಗಿಲು ತಟ್ಟಬೇಕೇ? ಎರಡು ಬಾರಿ ವಿನಯದಿಂದ ಹೇಳಿದ್ದಕ್ಕೆ "ಆಗದಿದ್ದರೆ ಮನೆ ಬದಲಾಯಿಸಿ" ಎಂಬ ಉತ್ತರ ಕೇಳಿದವನು ನಾನು. ಲಿಖಿತ ನಿಯಮ ಬೇಕಾಗಿರುವುದು ಎದುರು ನಿಂತು ಮಾತನಾಡಲು ಆಗದವರಿಗಾಗಿಯೇ. ದೂರುದಾರರ ಮನೆ ಸಂಖ್ಯೆಯನ್ನು ಬಹಿರಂಗಪಡಿಸದೆ ಸಂಘವೇ ವಿಷಯ ತಿಳಿಸುವ ದಾರಿಯೂ ಇರಬೇಕು. ಮಾತುಕತೆ ಒಂದು ಆಯ್ಕೆಯಾಗಿರಲಿ, ಷರತ್ತಾಗುವುದು ಬೇಡ.

ಹಿರಿಯ ನಿವಾಸಿ

ಒಂಟಿ ಹೆಣ್ಣುಮಗಳ ಉದಾಹರಣೆಗೆ ನನ್ನಲ್ಲಿ ಎದುರು ಮಾತಿಲ್ಲ. ಆಯ್ಕೆಯಾಗಿಯೇ ಇರಲಿ.

ಇನ್ನೊಂದು ವಿಷಯ. ಸದ್ದಿನ ದೂರು ಕೊಡುವವರನ್ನು ಸಹನೆ ಇಲ್ಲದವರೆಂದು ಹಗುರವಾಗಿ ಕಾಣುವ ಅಭ್ಯಾಸ ಬಹಳ ಹಳೆಯದು. ನ್ಯೂಯಾರ್ಕಿನಲ್ಲಿ ಜೂಲಿಯಾ ಬಾರ್ನೆಟ್ ರೈಸ್ ಎಂಬ ಮಹಿಳೆ 1906ರಲ್ಲಿ ಅನಗತ್ಯ ಗದ್ದಲವನ್ನು ತಡೆಯಲೆಂದೇ ಒಂದು ಸಂಘ ಕಟ್ಟಿದರು. ಹಡ್ಸನ್ ನದಿಯ ದೋಣಿಗಳು ರಾತ್ರಿಯೆಲ್ಲ ಸುಮ್ಮನೆ ಸೀಟಿ ಹೊಡೆಯುತ್ತಿದ್ದುದನ್ನು ಜನರನ್ನು ಕೂರಿಸಿ ಎಣಿಸಿ, ಬರೆದಿಡಿಸಿ, ಆ ಲೆಕ್ಕವನ್ನೇ ಮುಂದಿಟ್ಟು ಅಧಿಕಾರಿಗಳೊಡನೆ ವಾದಿಸಿದರು. ನಂತರ ಆಸ್ಪತ್ರೆಗಳ ಸುತ್ತ ನಿಶ್ಶಬ್ದ ವಲಯಗಳಿಗಾಗಿ ದುಡಿದರು. ಬರೆದಿಟ್ಟ ಲೆಕ್ಕಕ್ಕೆ ಇರುವ ಬಲ ಬರೀ ಅಸಮಾಧಾನಕ್ಕೆ ಇಲ್ಲ. ನಿಮ್ಮ ಸಂಘದಲ್ಲೂ ದೂರುದಾರರು ತಾರೀಖು, ಹೊತ್ತು, ಅವಧಿ, ಸದ್ದಿನ ಬಗೆ ಬರೆದು ಕೊಡುವ ಪದ್ಧತಿ ತನ್ನಿ.

ಶಬ್ದಮಾಪಕ

ಹಿರಿಯರು ಹೇಳಿದ ಲೆಕ್ಕದ ಮಾತಿಗೆ ಇನ್ನೊಂದು ನಿದರ್ಶನ ಸೇರಿಸುತ್ತೇನೆ. ಅದೇ ನಗರದಲ್ಲಿ ಎತ್ತರಿಸಿದ ರೈಲು ಹಳಿಯ ಪಕ್ಕದ ಶಾಲೆಯೊಂದನ್ನು ಮನೋವಿಜ್ಞಾನಿ ಆರ್ಲೀನ್ ಬ್ರಾನ್ಜಾಫ್ಟ್ ಅಧ್ಯಯನ ಮಾಡಿ 1975ರಲ್ಲಿ ಪ್ರಕಟಿಸಿದರು. ಹಳಿಯ ಕಡೆಯ ಕೋಣೆಗಳಲ್ಲಿ ಕಲಿಯುತ್ತಿದ್ದ ಮಕ್ಕಳು ಓದಿನಲ್ಲಿ ಇನ್ನೊಂದು ಬದಿಯ ಮಕ್ಕಳಿಗಿಂತ ಹಿಂದುಳಿದಿದ್ದರು. ಹಳಿಗೆ ರಬ್ಬರ್ ಪ್ಯಾಡ್ ಹಾಕಿಸಿ, ಕೋಣೆಗಳಿಗೆ ಸದ್ದು ಹೀರುವ ಚಾವಣಿ ಕೂರಿಸಿದ ಮೇಲೆ ಮತ್ತೆ ಪರೀಕ್ಷಿಸಿದಾಗ ಆ ಅಂತರ ಉಳಿದಿರಲಿಲ್ಲ. ರೈಲು ನಿಲ್ಲಲಿಲ್ಲ, ಶಾಲೆಯೂ ಮುಚ್ಚಲಿಲ್ಲ. ಸದ್ದು ಹುಟ್ಟುವಲ್ಲಿ ಮತ್ತು ಕೇಳುವಲ್ಲಿ ದುರಸ್ತಿಯಾಯಿತು, ಅಷ್ಟೇ.

ನಿಮ್ಮ ಪಂಪಿಗೂ ಬೇಕಾಗಿರುವುದು ಅಂಥ ದುರಸ್ತಿ. ಪಂಪು ಓಡುವಾಗ ದೂರುದಾರರ ಕೋಣೆಯಲ್ಲಿ ನೀರಿನ ಪೈಪು ಹಾದುಹೋಗುವ ಗೋಡೆಗೆ ಅಂಗೈ ಒತ್ತಿ ನೋಡಿ. ಅಂಗೈಗೆ ಸಣ್ಣ ನಡುಕ ತಟ್ಟಿದರೆ, ಸದ್ದು ಗಾಳಿಯಲ್ಲಲ್ಲ, ಪೈಪಿನ ಮೂಲಕ ಬರುತ್ತಿದೆ ಎಂದರ್ಥ. ಆಗ ಪಂಪಿನ ಕೋಣೆಯ ಬಾಗಿಲು ಭದ್ರ ಮಾಡಿದರೂ ಪ್ರಯೋಜನವಿಲ್ಲ. ಪಂಪನ್ನು ನೇರವಾಗಿ ಕಾಂಕ್ರೀಟಿಗೆ ಬೋಲ್ಟ್ ಮಾಡದೆ ಅದರ ತೂಕಕ್ಕೆ ತಕ್ಕ ರಬ್ಬರ್ ಅಥವಾ ಸ್ಪ್ರಿಂಗ್ ಕಾಲುಗಳ ಮೇಲೆ ಕೂರಿಸಬೇಕು, ಪಂಪಿಗೂ ಪೈಪಿಗೂ ನಡುವೆ ಬಾಗುವ ರಬ್ಬರ್ ಜೋಡಣೆ ಹಾಕಬೇಕು, ಗೋಡೆಯ ಕ್ಲಾಂಪುಗಳ ಒಳಗೆ ರಬ್ಬರ್ ಪಟ್ಟಿ ಇಡಬೇಕು. ಈ ಮೂರರಲ್ಲಿ ಒಂದು ಬಿಟ್ಟುಹೋದರೂ ಕಂಪನ ಆ ದಾರಿ ಹಿಡಿದು ಬರುತ್ತದೆ.

ಕುರ್ಚಿ ಮತ್ತು ಹೆಜ್ಜೆಯ ಸದ್ದು ಕೂಡ ಇದೇ ಜಾತಿಯದು. ಹಿಮ್ಮಡಿಯ ಪೆಟ್ಟು ಸ್ಲ್ಯಾಬಿಗೆ ಬಿದ್ದು ಕೆಳಗಿನ ಮನೆಯ ಚಾವಣಿಯೇ ಸ್ಪೀಕರಿನಂತೆ ನಡುಗುತ್ತದೆ. ಇದನ್ನು ಕೆಳಗಿನ ಮನೆಯವರು ತಡೆಯಲು ಹೋದರೆ ಖರ್ಚು ಹೆಚ್ಚು, ಫಲ ಕಡಿಮೆ. ಮೇಲಿನ ಮನೆಯವರು ಕುರ್ಚಿ ಮೇಜುಗಳ ಕಾಲಿಗೆ ಫೆಲ್ಟ್ (ದಪ್ಪ ಮೆತ್ತನೆಯ ಬಟ್ಟೆ) ಅಂಟಿಸಿ, ಓಡಾಡುವ ಕಡೆ ದಪ್ಪ ನೆಲಹಾಸು ಹಾಕಿದರೆ ಬಹುಪಾಲು ಪರಿಹಾರವಾಗುತ್ತದೆ. ಇದಕ್ಕೆ ಡೆಸಿಬಲ್ ಮಿತಿ ಬರೆಯಲು ಹೋಗಬೇಡಿ, ನಡೆದಾಡುವುದು ಅಪರಾಧವಲ್ಲ. ನೆಲಹಾಸು ಮತ್ತು ಫೆಲ್ಟನ್ನೇ ಕಡ್ಡಾಯ ಮಾಡಿ. ಗಟ್ಟಿ ಟೈಲ್ಸ್ ಹೊಸದಾಗಿ ಹಾಕಿಸುವವರು ಅದರ ಅಡಿಯಲ್ಲಿ ಸದ್ದು ತಡೆಯುವ ಪದರ ಹಾಕಿಸಬೇಕೆಂಬ ಷರತ್ತೂ ಇರಲಿ. ಕಟ್ಟಿ ಮುಗಿದ ಮೇಲೆ ಆ ಪದರ ಸೇರಿಸಲು ನೆಲ ಅಗೆಯದೆ ದಾರಿಯಿಲ್ಲ.

ಕರಡು ಸಮಿತಿ ಸದಸ್ಯೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಒಂದು ಪ್ರಶ್ನೆ ಉಳಿದಿದೆ. ಮೊಬೈಲ್ ಆ್ಯಪಿನಲ್ಲಿ ಅಳೆದು ತಂದ ಸಂಖ್ಯೆಯನ್ನು ಸಮಿತಿ ಒಪ್ಪಬಹುದೇ? ಇನ್ನೊಂದು, ಸಭೆಯಲ್ಲಿ ಒಬ್ಬರು "ಸದ್ದು ಕೆಲವೇ ದಿನದಲ್ಲಿ ರೂಢಿಯಾಗುತ್ತದೆ, ನಿಯಮವೇ ಬೇಡ" ಎಂದು ವಾದಿಸುತ್ತಿದ್ದಾರೆ.

ಶಬ್ದಮಾಪಕ

ಆ್ಯಪನ್ನು ಸೂಚನೆಯಾಗಿ ಒಪ್ಪಿ, ಸಾಕ್ಷ್ಯವಾಗಿ ಬೇಡ. ಫೋನಿನ ಮೈಕು ಮಾತಿಗೆಂದು ಮಾಡಿದ್ದು. ಫೋನಿನಿಂದ ಫೋನಿಗೆ ಅಳತೆ ಬದಲಾಗುತ್ತದೆ, 30ರ ಆಸುಪಾಸಿನ ಸಣ್ಣ ಸದ್ದಿನಲ್ಲಂತೂ ಮೈಕಿನ ಸ್ವಂತ ಗೊರಗೊರ ಸದ್ದೇ ಸೇರಿಕೊಳ್ಳುತ್ತದೆ. ಸಂಘವೇ ಒಂದು "ಕ್ಲಾಸ್ 2" ಎಂಬ ನಿಖರತೆಯ ದರ್ಜೆಯ ಮಾಪಕವನ್ನು, ಅದನ್ನು ಪರೀಕ್ಷಿಸುವ ಕ್ಯಾಲಿಬ್ರೇಟರ್ ಸಮೇತ ಇಟ್ಟುಕೊಳ್ಳಲಿ. ಇಬ್ಬರು ಸದಸ್ಯರು ಜೊತೆಯಾಗಿ ಹೋಗಿ, ಯಂತ್ರ ಓಡುವಾಗ ಒಮ್ಮೆ, ನಿಂತಾಗ ಒಮ್ಮೆ ಅಳೆಯಲಿ. ಎರಡರ ಅಂತರವೇ ಎಲ್ಲವನ್ನೂ ಹೇಳುತ್ತದೆ.

ರೂಢಿಯ ಮಾತು ಅರ್ಧ ನಿಜ. ಎಚ್ಚರವಾಗುವುದು ಕಡಿಮೆಯಾಗಬಹುದು. ಆದರೆ ನಿದ್ದೆಯಲ್ಲಿದ್ದಾಗಲೂ ಸದ್ದಿಗೆ ಹೃದಯಬಡಿತ ಏರುವುದು, ಗಾಢನಿದ್ದೆ ತೆಳುವಾಗುವುದು ಪೂರ್ತಿಯಾಗಿ ನಿಲ್ಲುವುದಿಲ್ಲ. ಮಲಗಿದವರಿಗೆ ಅದು ತಿಳಿಯುವುದಿಲ್ಲ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2009ರಲ್ಲಿ ರಾತ್ರಿ ಶಬ್ದದ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ತಂದು, ವರ್ಷದ ಸರಾಸರಿಯಾಗಿ ಮನೆಯ ಹೊರಗೆ 40 ಡೆಸಿಬಲ್ ಎಂಬ ಗುರಿ ಇಟ್ಟಿತು. 55 ದಾಟಿದರೆ ಸಾರ್ವಜನಿಕ ಆರೋಗ್ಯಕ್ಕೆ ಅಪಾಯವೆಂದು ಹೇಳಿತು. ಇದನ್ನು ಸಭೆಯಲ್ಲಿ ಓದಿ ಹೇಳಿ.

ಕರಡು ಸಮಿತಿ ಸದಸ್ಯೆ

ಹಾಗಾದರೆ ಕರಡು ಈ ರೂಪದಲ್ಲಿ ಸಭೆಗೆ ಹೋಗಲಿದೆ. ಪಂಪು, ಜನರೇಟರ್, ಹೊರಗೆ ಕೂರಿಸಿದ ಏಸಿ ಯಂತ್ರಗಳಿಗೆ ದೂರುದಾರರ ಮಲಗುವ ಕೋಣೆಯಲ್ಲಿ, ರಾತ್ರಿಯ ಅತ್ಯಂತ ಗದ್ದಲದ ಒಂದು ಗಂಟೆಯಲ್ಲಿ, ಹಿನ್ನೆಲೆಗೆ ಹೋಲಿಸಿ ಅಳತೆ; ಮಿತಿ ಮೀರಿದರೆ ಸಂಘದ ವೆಚ್ಚದಲ್ಲೋ ಮಾಲೀಕರ ವೆಚ್ಚದಲ್ಲೋ ಗೊತ್ತುಪಡಿಸಿದ ಗಡುವಿನೊಳಗೆ ದುರಸ್ತಿ. ಸಂಗೀತಕ್ಕೆ ರಾತ್ರಿ 10ರ ನಂತರ ನೆರೆಮನೆಯಲ್ಲಿ ಬೇಸ್ ಬಡಿತ ಕೇಳಿಸಕೂಡದೆಂಬ ನಿಯಮ, ಕಾವಲುಗಾರರ ಮೂಲಕ ಸೂಚನೆ ತಲುಪಿದ 10 ನಿಮಿಷದೊಳಗೆ ಪಾಲನೆ. ನಾಯಿಗೆ ನಿರಂತರ ಬೊಗಳುವ ಅವಧಿ. ಹೆಜ್ಜೆ ಮತ್ತು ಪೀಠೋಪಕರಣಕ್ಕೆ ಫೆಲ್ಟ್, ನೆಲಹಾಸು. ದುರಸ್ತಿ ಕೆಲಸಗಳಿಗೆ ಹಗಲಲ್ಲಿ ಗೊತ್ತಾದ ಹೊತ್ತು ಮತ್ತು ಹಿಂದಿನ ದಿನದ ಸೂಚನೆ. ಮಕ್ಕಳ ಅಳು, ಹಗಲಿನ ಆಟ ವ್ಯಾಪ್ತಿಯ ಹೊರಗೆ. ದೂರುದಾರರ ಮನೆ ಸಂಖ್ಯೆ ಗೋಪ್ಯ.

ಕಾನೂನು ಓದುಗ

ಎರಡು ಸೇರ್ಪಡೆ. ಸಂಘದ ನಿಯಮ ಇರುವುದರಿಂದ ಪೊಲೀಸರಿಗೋ ಸಂಬಂಧಪಟ್ಟ ಪ್ರಾಧಿಕಾರಕ್ಕೋ ದೂರು ಕೊಡುವ ಹಕ್ಕು ಮೊಟಕಾಗುವುದಿಲ್ಲ ಎಂಬ ವಾಕ್ಯವನ್ನು ಕೊನೆಯಲ್ಲಿ ಸೇರಿಸಿ. ಮತ್ತು ವಿದ್ಯುತ್ ಹೋದಾಗ ಓಡುವ ಜನರೇಟರಿಗೆ ವಿನಾಯಿತಿ ಕೊಡಬೇಕಾಗುತ್ತದೆ, ಲಿಫ್ಟಿನಲ್ಲಿ ಸಿಲುಕಿದವರು, ಮನೆಯಲ್ಲಿ ಆಮ್ಲಜನಕ ಯಂತ್ರದ ಮೇಲಿರುವವರು ಅದನ್ನೇ ನೆಚ್ಚಿಕೊಂಡಿರುತ್ತಾರೆ. ಆದರೆ ಅದರ ವಾರದ ಪರೀಕ್ಷಾ ಚಾಲನೆಗೆ ಆ ವಿನಾಯಿತಿ ಇಲ್ಲ ಎಂದು ಬಿಡಿಸಿ ಬರೆಯಿರಿ. ಪರೀಕ್ಷೆಯನ್ನು ನಡುಹಗಲಿನಲ್ಲಿ, ಸೂಚನಾ ಫಲಕದಲ್ಲಿ ಹಾಕಿದ ಹೊತ್ತಿಗೇ ನಡೆಸಲಿ.